ಅಣು ಕೂರುವ ಜಾಗ

ಪ್ರೋಟೀನಿನ ಹರಳಿನ ಮೇಲೆ ಎಕ್ಸ್-ರೇ ಹಾಯಿಸಿದರೆ ಪರಮಾಣುಗಳ ಫೋಟೋ ಸಿಗುವುದಿಲ್ಲ. ಸಿಗುವುದು ಚುಕ್ಕೆಗಳು, ಅವುಗಳಿಂದ ಲೆಕ್ಕ ಹಾಕಿ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ ತೆಗೆಯುತ್ತೇವೆ. ಅದರೊಳಗೆ ಪರಮಾಣುಗಳನ್ನು ಕೂರಿಸುವವರು ನಾವೇ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಈ ಕೆಲಸ ಮಾಡುತ್ತ ನಾನು ಕಲಿತದ್ದರಲ್ಲಿ ಬಹುಪಾಲು ಇದರಿಂದಲೇ ಹುಟ್ಟಿದ್ದು.

ಹೊಸ ವಿದ್ಯಾರ್ಥಿಗಳು ಬಣ್ಣದ ರಿಬ್ಬನ್ ಚಿತ್ರ ತೆರೆದು ತೋರಿಸುತ್ತಾರೆ. ರೆಸಲ್ಯೂಷನ್, ಅಂದರೆ ನಕ್ಷೆಯ ಸ್ಪಷ್ಟತೆ, ಎಷ್ಟು ಅಂತ ನಾನು ಮೊದಲು ಕೇಳುತ್ತೇನೆ. 2 ಆಂಗ್‌ಸ್ಟ್ರಾಂ ಇದ್ದರೆ ನೀರಿನ ಅಣುಗಳೂ ಗುರುತು ಸಿಗುತ್ತವೆ. 3 ದಾಟಿದರೆ ಔಷಧದ ಅಣು ಯಾವ ಮಗ್ಗುಲಿಗೆ ಕೂತಿದೆ ಎನ್ನುವುದರಲ್ಲೂ ಊಹೆ ಸೇರಿಕೊಳ್ಳುತ್ತದೆ.

ನನ್ನ ಆಲೋಚನೆಯನ್ನು ಹೆಚ್ಚು ಬದಲಿಸಿದ್ದು ರಕ್ತ ಕ್ಯಾನ್ಸರಿನ ಔಷಧ ಇಮ್ಯಾಟಿನಿಬ್. ಅದಕ್ಕೆ ಅತಿ ಹತ್ತಿರದ ಅಣುವೊಂದು ಏಬಲ್ ಕೈನೇಸ್ ಎಂಬ ಪ್ರೋಟೀನಿಗೆ ಅಂಟಿಕೊಂಡಿದ್ದ ರಚನೆಯನ್ನು ಜಾನ್ ಕುರಿಯನ್ ಅವರ ತಂಡ 2000ದಲ್ಲಿ ಪ್ರಕಟಿಸಿತು. ಅಣು ಹಿಡಿದಿದ್ದು ಕೆಲಸ ಮಾಡುತ್ತಿರುವ ಕೈನೇಸನ್ನಲ್ಲ, ಮಡಚಿಕೊಂಡು ಸುಮ್ಮನಿರುವ ರೂಪವನ್ನು! ಬೀಗಕ್ಕೊಂದು ಕೀಲಿ ಎಂಬ ಹಳೆಯ ಕಲ್ಪನೆ ಅಲ್ಲಿಗೆ ಸಾಲದು; ಬೀಗವೇ ಆಕಾರ ಬದಲಿಸುತ್ತಿರುತ್ತದೆ. ಹಾಗಾಗಿ ಯಾವುದೇ ರಚನೆ ಕೈಗೆ ಬಂದರೂ ಪ್ರೋಟೀನು ಯಾವ ಸ್ಥಿತಿಯಲ್ಲಿತ್ತು ಎಂದು ವಿಚಾರಿಸುವುದು ನನಗೆ ಅಭ್ಯಾಸವಾಯಿತು.

ಮುಂದೆ ಕೆಲವು ರೋಗಿಗಳಲ್ಲಿ ಔಷಧ ನಾಟದೆ ಹೋಯಿತು. ಅದಕ್ಕೊಂದು ಕಾರಣ, ಏಬಲ್ ಕೈನೇಸಿನ 315ನೇ ಜಾಗದಲ್ಲಿದ್ದ ಅಮೈನೋ ಆಮ್ಲ ಥ್ರಿಯೊನಿನ್ ಹೋಗಿ ಐಸೊಲ್ಯೂಸಿನ್ ಬಂದದ್ದು. ಔಷಧಕ್ಕೆ ಆಸರೆಯಾಗಿದ್ದ ಹೈಡ್ರೋಜನ್ ಬಂಧ ತಪ್ಪಿತು, ದಪ್ಪನೆಯ ಹೊಸ ಕವಲು ದಾರಿಗೆ ಅಡ್ಡ ಬಂತು. ರಚನೆ ನೋಡಿಕೊಂಡೇ ರಸಾಯನವಿಜ್ಞಾನಿಗಳು ಪೊನಾಟಿನಿಬ್ ರೂಪಿಸಿದರು. ಅದರಲ್ಲಿರುವ ಇಂಗಾಲದ ಎರಡು ಪರಮಾಣುಗಳ ನಡುವಿನ ತ್ರಿಬಂಧ ತೆಳ್ಳಗೆ, ನೇರವಾಗಿರುವುದರಿಂದ ಆ ಅಡ್ಡಿಯ ಪಕ್ಕದಲ್ಲೇ ನುಸುಳುತ್ತದೆ. ಇಷ್ಟು ಅಚ್ಚುಕಟ್ಟಾದ ವಿನ್ಯಾಸ ಕಂಡಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಮೆರಿಕದಲ್ಲಿ 2012ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಆದರೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತೊಂದರೆ ಕಂಡುಬಂದು 2013ರಲ್ಲಿ ಮಾರಾಟ ಕೆಲಕಾಲ ನಿಂತಿತು. ಕಟ್ಟೆಚ್ಚರಿಕೆಗಳೊಂದಿಗೆ ಮತ್ತೆ ಶುರುವಾಯಿತು. ಅಣು ಎಲ್ಲಿ ಕೂರುತ್ತದೆಂದು ರಚನೆ ಹೇಳುತ್ತದೆ. ದೇಹದ ಉಳಿದ ಕಡೆ ಅದು ಏನು ಮಾಡುತ್ತದೆಂದು ಹೇಳುವುದು ರಚನೆಯ ಕೈಲಾಗದು. ಜೀವಕೋಶಗಳ, ರೋಗಿಗಳ ಪರೀಕ್ಷೆಗಳನ್ನು ಅದಕ್ಕೇ ನಾನು ಎರಡನೇ ದರ್ಜೆಯ ಕೆಲಸವೆಂದು ಭಾವಿಸುವುದಿಲ್ಲ.

ಈ ಕ್ಷೇತ್ರಕ್ಕೆ ಬರುತ್ತಿರುವ ಕಿರಿಯರಲ್ಲಿ ಒಂದು ಕೋರಿಕೆ. ರಚನೆಯ ಫೈಲನ್ನು ಇಳಿಸಿಕೊಳ್ಳುವಾಗ ಅದರ ನಕ್ಷೆಯನ್ನೂ ಇಳಿಸಿಕೊಳ್ಳಿ. ಔಷಧದ ಸುತ್ತ ಸಾಂದ್ರತೆ ನಿಜಕ್ಕೂ ಇದೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ಡಾಕಿಂಗ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಅಣುವನ್ನು ಪ್ರೋಟೀನಿಗೆ ಹೊಂದಿಸಿ ನೋಡುವುದಕ್ಕೆ, ಕೂರಿ.