ರಜೆಯಲ್ಲಿ ಸಂಘಕ್ಕೇನು ಕೆಲಸ?

ಪ್ರಶ್ನೆ: ನನ್ನ ಸೊಸೆ ಹೊಳೆನರಸೀಪುರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿಯಿತು, ಬಿಡುಗಡೆ ಮಾಡಿ ಕಳಿಸಿದರು. ರಜೆಯಲ್ಲಿ ಸಂಬಳವೂ ಇಲ್ಲ. ಆದರೂ ಭಾನುವಾರ ಬಂತೆಂದರೆ ಸಂಘದ ಸಭೆ ಅಂತ ಹಾಸನಕ್ಕೆ ಹೊರಡುತ್ತಾಳೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ, ನಾಟಿ ಹೊತ್ತಿಗೆ ಆಳು ಸಿಗುವುದಿಲ್ಲ. ಕಾಲೇಜೇ ಬಾಗಿಲು ಹಾಕಿರುವಾಗ ಸಂಘಕ್ಕೇನು ಕೆಲಸ? ಕೆಲಸದಲ್ಲೇ ಇಲ್ಲದವಳು ಸದಸ್ಯೆ ಹೇಗಾಗುತ್ತಾಳೆ? ಸರ್ಕಾರ ಸಂಬಳ ಜಾಸ್ತಿ ಮಾಡಿದರೆ ಸಭೆಗೆ ಹೋಗದವರಿಗೂ ಸಿಗುತ್ತದಲ್ಲವೆ?
— ಒಬ್ಬ ಓದುಗ, ಅರಕಲಗೂಡು ತಾಲ್ಲೂಕು

ಉತ್ತರ: ಸ್ವಾಮಿ, ನೀವು ಕೇಳಿರುವುದು ಮೂರು ಪ್ರಶ್ನೆ. ಕೊನೆಯದರಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಮಾತು ಅರ್ಧ ಸರಿ.

ಗೌರವಧನ ಏರಿದರೆ ಎಲ್ಲರಿಗೂ ಏರುತ್ತದೆ, ನಿಜ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. ಆಗ ಅವರಿಗೆ ತಿಂಗಳಿಗೆ ಸಿಗುತ್ತಿದ್ದುದು 11,000ದಿಂದ 13,000 ರೂಪಾಯಿ. 2022ರ ಜನವರಿಯಲ್ಲಿ ಸರ್ಕಾರ ಅದನ್ನು 26,000ದಿಂದ 32,000ಕ್ಕೆ ಏರಿಸಿತು. 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆ ಕೇಳಿ ಮತ್ತೆ ಮುಷ್ಕರ ಹೂಡಿದರು. ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆಯೂ ಆಯಿತು. ಸೇವಾ ಭದ್ರತೆ ಸಿಗಲಿಲ್ಲ. ಆದರೆ 2024ರಿಂದ ಸೇವೆಯ ವರ್ಷಗಳಿಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ತುಂಬಿದಾಗ ಇಡುಗಂಟು ಎಂಬ ಭರವಸೆಗಳು ಬಂದವು. ಇವನ್ನು ಕೊಡುವಾಗ ಯಾರೂ ಸಂಘದ ರಸೀದಿ ಕೇಳುವುದಿಲ್ಲ.

ಇನ್ನರ್ಧ ಕೇಳಿ. 2022ರಲ್ಲಿ ಹಣ ಏರಿಸುವ ಜೊತೆಗೇ ಒಬ್ಬರ ಕಾರ್ಯಭಾರವನ್ನೂ ವಾರಕ್ಕೆ 15 ಗಂಟೆಗೆ ಏರಿಸಿದರು. ಮೊದಲು ಎಂಟು ಹತ್ತು ಗಂಟೆಯ ಪಾಠಕ್ಕೆ ಒಬ್ಬರು ಬೇಕಿತ್ತು. ಒಬ್ಬರೇ ಹದಿನೈದು ಗಂಟೆ ಮಾಡಿದರೆ ಮೂವರ ಜಾಗಕ್ಕೆ ಇಬ್ಬರು ಸಾಕು. ಉಳಿದವರ ಪಾಲಿಗೆ ಸಂಬಳ ಏರಿತು, ಮೂರನೆಯವರ ಪಾಲಿಗೆ ಕೆಲಸವೇ ಹೋಯಿತು. ಆದೇಶ ಎಲ್ಲರಿಗೂ ಒಂದೇ ಆದರೂ ಅದರ ಪೆಟ್ಟು ಎಲ್ಲರಿಗೂ ಒಂದೇ ಕಡೆ ಬೀಳುವುದಿಲ್ಲ. ನಿಮ್ಮ ಸೊಸೆಗೆ ಯಾವ ಕಡೆ ಬಿದ್ದೀತು ಎಂಬುದು ತೀರ್ಮಾನವಾಗುವುದು ಯಾವಾಗ ಗೊತ್ತೆ? ನೀವು ‘ಕಾಲೇಜೇ ಬಾಗಿಲು ಹಾಕಿದೆ’ ಎನ್ನುವ ಈ ರಜೆಯಲ್ಲಿ.

ಅದು ಹೇಗೆಂದು ಹೇಳುತ್ತೇನೆ. ಪದವಿ ಕಾಲೇಜುಗಳ ರಜೆ ಕೊರೊನಾ ಆದಮೇಲೆ ತಿಂಗಳು ಹಿಂದುಮುಂದಾಗಿರಬಹುದು, ನಡೆಯುವ ಕ್ರಮ ಅದೇ. ಮುಂದಿನ ವರ್ಷಕ್ಕೆ ಯಾವ ವಿಷಯದಲ್ಲಿ ಎಷ್ಟು ಗಂಟೆ ಪಾಠ ಎಂದು ಪ್ರಾಂಶುಪಾಲರು ಲೆಕ್ಕ ಹಾಕಿ ಇಲಾಖೆಗೆ ಕಳಿಸುತ್ತಾರೆ. ಖಾಯಂ ಅಧ್ಯಾಪಕರ ವರ್ಗಾವಣೆಯಾದರೆ ಆ ಲೆಕ್ಕ ಬದಲಾಗುತ್ತದೆ. ಉಳಿದ ಗಂಟೆಗಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಕರೆಯುತ್ತಾರೆ. ಅಂಕ, ನೆಟ್, ಕೆ-ಸೆಟ್, ಪಿಎಚ್‌ಡಿ, ಸೇವೆ ಮಾಡಿದ ವರ್ಷ, ಎಲ್ಲವನ್ನೂ ನೋಡಿ ಪಟ್ಟಿ ಬರುತ್ತದೆ. ಆಮೇಲೆ ಕೌನ್ಸೆಲಿಂಗ್. ಇದರಲ್ಲಿ ಎಲ್ಲಿ ತಪ್ಪಾದರೂ ಆಕ್ಷೇಪಣೆ ಸಲ್ಲಿಸಲು ಸಿಗುವ ಸಮಯ ಕಡಿಮೆ. ತರಗತಿ ಶುರುವಾದ ಮೇಲೆ ಎಚ್ಚೆತ್ತವರಿಗೆ ಉಳಿಯುವುದು ಹೈಕೋರ್ಟಿನ ದಾರಿ.

ಒಂದೇ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ: ಸೇವಾ ಪ್ರಮಾಣಪತ್ರ. ಒಬ್ಬರು ಎರಡು ವರ್ಷ ಚನ್ನರಾಯಪಟ್ಟಣದಲ್ಲಿ, ಒಂದು ವರ್ಷ ಅರಕಲಗೂಡಿನಲ್ಲಿ, ಎರಡು ವರ್ಷ ಹೊಳೆನರಸೀಪುರದಲ್ಲಿ ಪಾಠ ಮಾಡಿದ್ದಾರೆ ಎನ್ನಿ. ಮೂರು ಕಾಲೇಜಿನಿಂದ ಮೂರು ಪ್ರಮಾಣಪತ್ರ ಬೇಕು. ಅರಕಲಗೂಡಿನದ್ದರಲ್ಲಿ ಗುಮಾಸ್ತರ ಕೈತಪ್ಪಿನಿಂದ ಒಂದು ಸೆಮಿಸ್ಟರ್ ಬಿಟ್ಟುಹೋಗಿ ಒಟ್ಟು ಸೇವೆ ನಾಲ್ಕೂವರೆ ವರ್ಷವಾಯಿತು. ಯುಜಿಸಿ ವಿದ್ಯಾರ್ಹತೆ ಇರುವವರಿಗೆ 5 ವರ್ಷ ತುಂಬಿದ್ದರೆ 32,000ದ ಮೇಲೆ 6,000, ಒಟ್ಟು 38,000. ತುಂಬದಿದ್ದರೆ 30,000ದ ಮೇಲೆ 5,000, ಒಟ್ಟು 35,000. ತಿಂಗಳಿಗೆ ಮೂರು ಸಾವಿರ, ಹತ್ತು ತಿಂಗಳಿಗೆ ಮೂವತ್ತು ಸಾವಿರ. ಪಟ್ಟಿಯಲ್ಲಿ ಕೆಳಗಿಳಿದು ಹತ್ತಿರದ ಕಾಲೇಜು ತಪ್ಪಿ ಹೋದರೆ ಆ ನಷ್ಟ ಬೇರೆ. ಇದನ್ನು ಯಾವ ಮುಷ್ಕರವೂ ಸರಿಮಾಡುವುದಿಲ್ಲ. ಸಭೆಯಲ್ಲಿ ಪಕ್ಕ ಕೂತವರು ‘ನಿನ್ನ ಸರ್ಟಿಫಿಕೇಟ್ ತೆಗಿ ನೋಡೋಣ’ ಎಂದಾಗ ಸರಿಹೋಗುತ್ತದೆ.

ಈಗ ಸದಸ್ಯತ್ವದ ವಿಚಾರ. ಬಿಡುಗಡೆಯಾದವರು ಸಂಘಕ್ಕೆ ಹೊರಗಿನವರಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ತಂದಾಗ ಒಂದು ವಿವರಣೆ ಸೇರಿಸಿದ್ದರು: ನಿವೃತ್ತರಾದವರನ್ನು, ಕೆಲಸದಿಂದ ತೆಗೆಯಲ್ಪಟ್ಟವರನ್ನು ಪದಾಧಿಕಾರಿಯಾಗುವ ವಿಷಯದಲ್ಲಿ ಹೊರಗಿನವರೆಂದು ಎಣಿಸಬಾರದು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಉಪನ್ಯಾಸಕರ ಎಷ್ಟೋ ಸಂಘಗಳು ಕಾರ್ಮಿಕ ಸಂಘಗಳಾಗಿ ಅಲ್ಲ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಅಲ್ಲಿ ಬೈಲಾ ಹೇಳಿದ್ದೇ ಮಾತು. ಚಂದಾ ಬಾಕಿ ಇದ್ದವರಿಗೆ ಮತ ಇದೆಯೋ ಇಲ್ಲವೋ, ಬಿಡುಗಡೆಯ ತಿಂಗಳುಗಳಿಗೆ ಚಂದಾ ಇದೆಯೋ ಇಲ್ಲವೋ, ಬೈಲಾ ತೆರೆದು ನೋಡಬೇಕು. ಸಂಬಳವಿಲ್ಲದ ತಿಂಗಳಲ್ಲಿ ಚಂದಾ ಬೇಡ ಎಂಬ ನಿಯಮ ಇಲ್ಲದಿದ್ದರೆ ಅದನ್ನು ಸೇರಿಸಿಕೊಳ್ಳುವುದು ಸಂಘಕ್ಕೇ ಒಳ್ಳೆಯದು.

ಸಂಘ ಇಷ್ಟು ಮುಖ್ಯ ಏಕೆಂದರೆ ಕಾನೂನಿನ ಆಸರೆ ಇವರಿಗೆ ತೆಳುವಾಗಿದೆ. 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಶ್ವವಿದ್ಯಾಲಯವನ್ನೂ ‘ಉದ್ಯಮ’ ಎಂದಿತು. 1988ರಲ್ಲಿ ಅದೇ ಕೋರ್ಟು, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಪಾಠ ಹೇಳುವವರು ಕೈಗಾರಿಕಾ ವಿವಾದ ಕಾಯ್ದೆಯ ‘ಕಾರ್ಮಿಕ’ರಲ್ಲ ಎಂದಿತು. ಖಾಯಂ ಮಾಡಿ ಎಂದು ಕೇಳಿದರೆ ನಮ್ಮ ರಾಜ್ಯದ್ದೇ ಆದ 2006ರ ಉಮಾದೇವಿ ತೀರ್ಪು ಅಡ್ಡ ಬರುತ್ತದೆ. ಬೆಳಕು ಇಲ್ಲವೇ ಇಲ್ಲ ಎಂದಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಸಂಬಳ ಕೊಡಿ ಎಂದು ಆದೇಶಿಸಿತು. ಅಂಥ ದಾವೆಗೆ ದಾಖಲೆ ಕೂಡಿಸಬೇಕು, ವಕೀಲರ ಫೀಸಿಗೆ ಹಣ ಎತ್ತಬೇಕು. ಒಬ್ಬಂಟಿಯಿಂದ ಆಗುವ ಕೆಲಸವಲ್ಲ ಅದು.

ರಜೆಯ ಸಂಕಟ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ‘ಮುಂದಿನ ಸೆಮಿಸ್ಟರ್‌ಗೆ ಕೆಲಸ ಸಿಗುವ ಭರವಸೆ ಇದೆ’ ಎಂಬ ಕಾರಣ ಕೊಟ್ಟು ಅಧ್ಯಾಪಕರಿಗೆ ಬೇಸಿಗೆಯ ನಿರುದ್ಯೋಗ ಭತ್ಯೆ ನಿರಾಕರಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಅರೆಕಾಲಿಕ ಉಪನ್ಯಾಸಕರು ಇದನ್ನು ಪ್ರಶ್ನಿಸಿದರು. ವಿದ್ಯಾರ್ಥಿಗಳು ಸೇರಿದರೆ ಮಾತ್ರ ಕೆಲಸ ಎನ್ನುವಾಗ ಅದನ್ನು ಭರವಸೆ ಎನ್ನಲಾಗದು ಎಂದು 1989ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು, ಭತ್ಯೆ ಸಿಕ್ಕಿತು. ನಮ್ಮ ಅತಿಥಿ ಉಪನ್ಯಾಸಕರಿಗೆ ಅಂಥ ಭತ್ಯೆಯೂ ಇಲ್ಲ, ಭರವಸೆಯೂ ಇಲ್ಲ.

ಹಾಸನದ ಮಟ್ಟಿಗೆ ಇನ್ನೊಂದು ಕಾರಣ ಇದೆ. ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಎದ್ದಿತು. ಆ ಪಟ್ಟಿಯಲ್ಲಿ ಹಾಸನವೂ ಇತ್ತು. ಇಂಥ ತೀರ್ಮಾನಗಳು ಕಾಲೇಜು ತೆರೆಯುವವರೆಗೆ ಕಾಯುವುದಿಲ್ಲ.

ಇನ್ನು ನಿಮ್ಮ ಮನೆಯ ಕಷ್ಟ. ಹೊಗೆಸೊಪ್ಪಿನ ನಾಟಿ, ಆಲೂಗಡ್ಡೆ ಬಿತ್ತನೆ, ಎರಡೂ ಮೇ-ಜೂನ್‌ನಲ್ಲೇ ಮೈಮೇಲೆ ಬರುತ್ತವೆ. ರೈತರ ಮನೆಯ ಉಪನ್ಯಾಸಕರನ್ನು ಪ್ರತಿ ಭಾನುವಾರ ಹಾಸನಕ್ಕೆ ಕರೆಸುವ ಸಂಘ ಅವರನ್ನು ಕಳೆದುಕೊಳ್ಳುತ್ತದೆ. ಹೊಳೆನರಸೀಪುರ, ಚನ್ನರಾಯಪಟ್ಟಣಕ್ಕೆ ರೈಲಿದೆ, ಅರಕಲಗೂಡಿಗೆ ಬಸ್ಸೊಂದೇ ಗತಿ. ಆದ್ದರಿಂದ ಸಭೆ ನಾಲ್ಕೂ ಊರಿಗೆ ಸರದಿಯಲ್ಲಿ ಬರಲಿ ಎಂದು ನಿಮ್ಮ ಸೊಸೆ ಕೇಳಲಿ. ಮೌಲ್ಯಮಾಪನಕ್ಕೆಂದು ಎಲ್ಲ ತಾಲ್ಲೂಕಿನವರೂ ಒಂದೆಡೆ ಸೇರುವ ದಿನ, ಊಟದ ಬಿಡುವಿನಲ್ಲೇ ಅರ್ಧ ಗಂಟೆ ಮಾತಾಡಿದರೆ ಒಂದು ಪ್ರಯಾಣ ಉಳಿಯುತ್ತದೆ. ಮಿಕ್ಕ ಕೆಲಸವನ್ನು ಮನೆಯಿಂದಲೇ ಮಾಡಬಹುದು: ಒಂದು ಕಾಲೇಜಿನ ವಿಷಯವಾರು ಪಟ್ಟಿ ಇಟ್ಟುಕೊಳ್ಳುವುದು, ಯಾರ ಗೌರವಧನ ಎಷ್ಟು ತಿಂಗಳದ್ದು ಬಾಕಿ ಎಂದು ಬರೆದುಕೊಳ್ಳುವುದು, ಶಾಸಕರಿಗೆ ಕೊಡುವ ಮನವಿ ಪತ್ರ ಸಿದ್ಧಮಾಡುವುದು, ಕೆ-ಸೆಟ್‌ಗೆ ಕೂರುವ ಕಿರಿಯರಿಗೆ ಹಳೆಯ ಪ್ರಶ್ನೆಪತ್ರಿಕೆ ಹಂಚುವುದು.

ಆದ್ದರಿಂದ ಸ್ವಾಮಿ, ತಿಂಗಳಿಗೊಂದು ಭಾನುವಾರವಾದರೂ ಸೊಸೆಯನ್ನು ಸಭೆಗೆ ಕಳಿಸಿ, ಆ ದಿನದ ನಾಟಿಗೆ ಬೇರೆ ಆಳು ನೋಡಿಕೊಳ್ಳಿ. ಅದಕ್ಕಿಂತ ಮೊದಲು, ಇವತ್ತು ರಾತ್ರಿ ಊಟವಾದ ಮೇಲೆ, ಆಕೆಯ ಸೇವಾ ಪ್ರಮಾಣಪತ್ರಗಳನ್ನೆಲ್ಲ ತರಿಸಿ, ದಿನಾಂಕಗಳನ್ನು ಇಬ್ಬರೂ ಕೂತು ಕೂಡಿಸಿ ನೋಡಿ. ತಪ್ಪು ಕಂಡರೆ ಕೌನ್ಸೆಲಿಂಗ್‌ಗೆ ಮೊದಲೇ ತಿದ್ದಿಸಿಕೊಳ್ಳಿ.