ನಾಲ್ಕೂ ಕಲಿ, ಆಮೇಲೆ ಒಂದನ್ನು ಆರಿಸು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಮಕ್ಕಳಿಗೆ ನೀರೆಂದರೆ ಪ್ರಾಣ. ಮೋಮಿನಪುರದ ಓಣಿಯಿಂದ ಈಜುಕೊಳಕ್ಕೆ ಹೊರಡುವವರಿರಲಿ, ಕಮಲಾಪುರದ ಕಡೆ ತೋಟದ ಬಾವಿಯಲ್ಲಿ ಈಸು ಕಲಿತವರಿರಲಿ, ಸ್ಪರ್ಧೆಗೆ ಇಳಿಯುವವರಿಗೆಲ್ಲ ನನ್ನದು ಒಂದೇ ಒತ್ತಾಯ: ಹದಿನಾಲ್ಕು ತುಂಬುವ ತನಕ ‘ನಂದು ಫ್ರೀಸ್ಟೈಲ್ ಅಷ್ಟೇ’ ಅನ್ನಬೇಡಿ.

1. ಬಾವಿಯ ಈಸನ್ನು ಬಿಡಬೇಡ, ತಿದ್ದಿಕೊ. ಬಾವಿ ಧೈರ್ಯ ಕೊಡುತ್ತದೆ, ಉಸಿರು ಹಿಡಿಯುವುದನ್ನು ಕಲಿಸುತ್ತದೆ. ಆದರೆ ತಲೆ ಮೇಲೆತ್ತಿ ಈಸುವ ಚಾಳಿಯನ್ನೂ ಅಂಟಿಸುತ್ತದೆ. ತಲೆ ಎದ್ದರೆ ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. ಇದಕ್ಕೆ ಮದ್ದು ಬ್ಯಾಕ್‌ಸ್ಟ್ರೋಕ್. ಕಿವಿ ನೀರಲ್ಲಿಟ್ಟು ಮಲಗಿದ ದೇಹಕ್ಕೆ ನೇರವಾಗಿರುವುದು ತಾನಾಗಿ ರೂಢಿಯಾಗುತ್ತದೆ.

2. ಬಾರದ ಸ್ಟ್ರೋಕಿಗೆ ಮೊದಲ ಅರ್ಧ ಗಂಟೆ. ಮೈ ದಣಿದ ಮೇಲೆ ಬಟರ್‌ಫ್ಲೈ ಹೊಡೆದರೆ ಕಲಿಯುವುದು ತಪ್ಪನ್ನೇ.

3. ವಾರಕ್ಕೊಮ್ಮೆ 200 ಮೀಟರ್ ವೈಯಕ್ತಿಕ ಮೆಡ್ಲೆ. ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್, ಇದೇ ಕ್ರಮ. ಪ್ರತಿ 50 ಮೀಟರಿನ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು. ಸೆಕೆಂಡು ಎಲ್ಲಿ ಸೋರುತ್ತಿದೆ ಎಂದು ಒಂದೇ ತಿಂಗಳಲ್ಲಿ ಕಾಣುತ್ತದೆ. ಮೆಡ್ಲೆ ರಿಲೇಯಲ್ಲಿ ಕ್ರಮ ಬೇರೆ: ನೀರಿನಿಂದಲೇ ಹೊರಡಬೇಕಾದ ಬ್ಯಾಕ್‌ಸ್ಟ್ರೋಕ್ ಅಲ್ಲಿ ಮೊದಲು.

4. ಗೋಡೆಯನ್ನು ಗೌರವಿಸು. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಎರಡೂ ಕೈ ಒಟ್ಟಿಗೆ ತಾಗಬೇಕು. ಮೆಡ್ಲೆಯಲ್ಲಿ ಬ್ಯಾಕ್‌ಸ್ಟ್ರೋಕ್ ಮುಗಿಸುವಾಗ ಬೆನ್ನ ಮೇಲಿದ್ದೇ ಗೋಡೆ ಮುಟ್ಟಬೇಕು. ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು ಉಳಿದ ಮೂರರಲ್ಲಿ ಗೋಡೆ ಒದ್ದ ಮೇಲೆ 15 ಮೀಟರಿನೊಳಗೆ ತಲೆ ಮೇಲೆ ಬರಲೇಬೇಕು. ವರ್ಷದ ಬೆವರು ಒಂದೇ ಕೈ ತಾಗಿದ್ದಕ್ಕೆ ಅನರ್ಹವಾಗುವುದು ನೋಡಲಾಗದ ಸಂಕಟ.

5. ಮೊದಲ ಪದಕಕ್ಕೆ ಅಂಟಿಕೊಳ್ಳಬೇಡ. ಹನ್ನೊಂದರಲ್ಲಿ ಗೆದ್ದ ಸ್ಟ್ರೋಕ್ ಹದಿನಾರರ ಮೈಗೆ ಒಗ್ಗದೇ ಹೋಗಬಹುದು. ಭುಜ ಅಗಲವಾಗುತ್ತದೆ, ಕಾಲು ಉದ್ದವಾಗುತ್ತದೆ. ಬೆಂಗಳೂರಿನ ನಿಶಾ ಮಿಲ್ಲೆಟ್ 1999ರ ಮಣಿಪುರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ ಗೆದ್ದರು. ಒಂದೇ ಸ್ಟ್ರೋಕ್ ನೆಚ್ಚಿಕೊಂಡವರಿಗೆ ಅಷ್ಟು ಸ್ಪರ್ಧೆಗಳೇ ಸಿಗುವುದಿಲ್ಲ! ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ಈಜಿದ್ದು 200 ಮೀಟರ್ ಫ್ರೀಸ್ಟೈಲ್. ಶ್ರೀಹರಿ ನಟರಾಜ್ ಟೋಕಿಯೊಗೆ ಹೋದದ್ದು 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ. 2025ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಅಹಮದಾಬಾದಿನಲ್ಲಿ, 200 ಮೀಟರ್ ಫ್ರೀಸ್ಟೈಲ್ ಬೆಳ್ಳಿಯೂ ಅವರದಾಯಿತು. ಹದಿನಾಲ್ಕರ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಅತಿ ಕಿರಿಯ ಕ್ರೀಡಾಪಟು. ಆಕೆಯ ಸ್ಪರ್ಧೆಯೂ ಫ್ರೀಸ್ಟೈಲ್, ಆದರೆ ಬಟರ್‌ಫ್ಲೈಯಲ್ಲೂ ಚಿನ್ನ ಗೆಲ್ಲುವ ಹುಡುಗಿ. ಅದೇ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಲಿಯಾನ್ ಮಾರ್ಷಾನ್ ಒಂದೇ ಸಂಜೆ 200 ಮೀಟರ್ ಬಟರ್‌ಫ್ಲೈ, 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಎರಡರಲ್ಲೂ ಚಿನ್ನ ಬಾಚಿದ. ಈ ಎರಡು ಸ್ಟ್ರೋಕುಗಳ ಕಾಲೊದೆತ ಒಂದಕ್ಕೊಂದು ಸಂಬಂಧವೇ ಇಲ್ಲದ್ದು ಎಂದು ಬಲ್ಲವರಿಗೆ ಅದು ಎಂಥ ಸಾಧನೆ ಎಂದು ಬಿಡಿಸಿ ಹೇಳಬೇಕಿಲ್ಲ.

6. ಭುಜ ಉಳಿಸಿಕೊ. ದಿನವೂ ಒಂದೇ ರೀತಿ ಕೈ ಬೀಸಿದರೆ ಒಂದೇ ಕೀಲು ಸವೆಯುತ್ತದೆ. ಸ್ಟ್ರೋಕ್ ಬದಲಾದರೆ ಬೇರೆ ಸ್ನಾಯುಗಳೂ ಹೊರೆ ಹೊರುತ್ತವೆ. ನೋವಿದ್ದರೆ ಬಾಯಿಬಿಟ್ಟು ಹೇಳು, ಮುಚ್ಚಿಡಬೇಡ.

7. ಇದು ಅಪ್ಪ-ಅಮ್ಮಂದಿರಿಗೆ. ಮುಂಜಾನೆಯ ಅಭ್ಯಾಸಕ್ಕೆ ಮೊದಲು ಒಂದು ಬಾಳೆಹಣ್ಣು ಸಾಕು, ಕಮಲಾಪುರದ ಕೆಂಪು ಬಾಳೆ ಮನೆ ಬಾಗಿಲಲ್ಲೇ ಸಿಗುತ್ತದೆ. ‘ಯಾವುದರಲ್ಲಿ ಗೆಲ್ತಾನೆ?’ ಎಂದು ಕೋಚನ್ನು ಕೇಳುವ ಬದಲು ‘ಯಾವುದು ಇನ್ನೂ ಬರ್ತಿಲ್ಲ?’ ಎಂದು ಕೇಳಿ. ರಾಜ್ಯಮಟ್ಟದ ಕೂಟಕ್ಕೆಂದು ಇಲ್ಲಿಂದ ಬೆಂಗಳೂರಿಗೆ ಹೋಗುವುದೆಂದರೆ ಸುಮಾರು 600 ಕಿಲೋಮೀಟರ್, ಇಡೀ ರಾತ್ರಿಯ ಪ್ರಯಾಣ. ಒಂದೇ ಸ್ಟ್ರೋಕಿನ ಮಗು ಅಷ್ಟು ದೂರ ಹೋಗಿ ಒಂದೆರಡು ಸಲ ನೀರಿಗಿಳಿದು ಮರಳುತ್ತದೆ. ನಾಲ್ಕೂ ಬಲ್ಲ ಮಗುವಿಗೆ ಮೆಡ್ಲೆ ಇದೆ, ರಿಲೇಯಲ್ಲಿ ಯಾರಿಗಾದರೂ ಜ್ವರ ಬಂದರೆ ಆ ಜಾಗವೂ ಇದೆ. ಮುಂದಿನ ಜಿಲ್ಲಾ ಕೂಟದ ಅರ್ಜಿಯಲ್ಲಿ, ನಿಯಮ ಒಪ್ಪುವಷ್ಟು, ಪ್ರತಿ ಸ್ಟ್ರೋಕಿನದೂ ಒಂದೊಂದು ಸ್ಪರ್ಧೆ ತುಂಬಿಸಿ.