ಮಲೆನಾಡಿನ ಮನೆಗೆ ಎಐ: ಮೊದಲು ಮೋಟರ್, ಆಮೇಲೆ ಮಾತು

ಮೊಬೈಲಿನಿಂದ ತೋಟದ ಮೋಟರ್ ಹಾಕುವುದು ಹಳೆಯ ಸುದ್ದಿ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಿಮ್ ಕೂರಿಸಿ, ಕರೆ ಮಾಡಿ ಪಂಪ್ ಓಡಿಸುವ ಸಲಕರಣೆ ಬಂದು ವರ್ಷಗಳೇ ಆದವು. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೊ ಗಣೇಶ್’ 2009ರಲ್ಲೇ ನೋಕಿಯಾ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಿತ್ತು. ಈಗ ಹೊಸದಾಗಿ ಸೇರಿಕೊಂಡದ್ದು ಮಾತು. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್‌ನಂಥ ಭಾಷಾ ಮಾದರಿಗಳನ್ನು ಮನೆಯ ಉಪಕರಣಗಳಿಗೆ ಜೋಡಿಸಿ, ಹೇಳಿದ್ದನ್ನು ಮಾಡಿಸಿಕೊಳ್ಳಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇದನ್ನು ಜೋಡಿಸುವವರು ಸಾಮಾನ್ಯವಾಗಿ ರಜೆಗೆ ಬಂದ ಮಕ್ಕಳು. ಜೂನ್ ನಂತರ ಅದರ ಜೊತೆ ಏಗುವವರು ಊರಲ್ಲಿರುವ ಅಪ್ಪ, ಅಮ್ಮ. ಈ ಸೂತ್ರಗಳು ಜೋಡಿಸಿ ಬಸ್ಸು ಹತ್ತುವವರಿಗೆ.

1. ಬಲ್ಬಿನಿಂದ ಶುರು ಮಾಡಬೇಡಿ.
ಯೂಟ್ಯೂಬಿನ ಸ್ಮಾರ್ಟ್ ಮನೆ ಬಣ್ಣ ಬದಲಿಸುವ ಬಲ್ಬಿನಿಂದ ಶುರುವಾಗುತ್ತದೆ. ಜಗಲಿಯ ದೀಪ ಹಾಕಲು ಅಮ್ಮನಿಗೆ ಎಐ ಬೇಕಿಲ್ಲ, ಸ್ವಿಚ್ಚು ಕೈಗೆಟಕುತ್ತದೆ. ಮಳೆಯಲ್ಲಿ ಕೊಡೆ ಹಿಡಿದು, ಇಂಬಳ ಕಚ್ಚಿಸಿಕೊಂಡು ಯಾವ ಕೆಲಸಕ್ಕೆ ಹೊರಗೆ ಹೋಗಬೇಕಾಗುತ್ತದೆ ಎಂದು ಪಟ್ಟಿ ಮಾಡಿ. ತ್ರೀ ಫೇಸ್ ಬಂತೇ? ಟ್ಯಾಂಕ್ ತುಂಬಿತೇ? ಅಬ್ಬಿ ನೀರಿನ ಪೈಪಿಗೆ ಎಲೆ ಕಟ್ಟಿಕೊಂಡಿತೇ? ಅಡಿಕೆ ಡ್ರೈಯರ್ ಎಷ್ಟು ಬಿಸಿಯಾಗಿದೆ? ಯುಪಿಎಸ್ ಬೆಳಗಿನ ತನಕ ಬರುತ್ತದೆಯೇ? ಇವೆಲ್ಲ ಪ್ರಶ್ನೆಗಳು, ಒಂದೂ ಆಜ್ಞೆಯಲ್ಲ. ಹಾಗಾಗಿ ಮೊದಲ ಖರ್ಚು ಸೆನ್ಸರ್‌ಗಳಿಗೆ ಹೋಗಲಿ: ನೀರಿನ ಮಟ್ಟ, ವೋಲ್ಟೇಜ್, ಉಷ್ಣಾಂಶ. ಮಾದರಿಗೆ ಮೊದಲು ಕಣ್ಣು ಕೊಡಿ, ಕೈ ಕೊಡುವುದು ಮುಂದಿನ ವರ್ಷಕ್ಕಿರಲಿ.

2. ತಂತಿ ಮುಟ್ಟುವವರು ಯಾರು, ತಿಳಿದುಕೊಳ್ಳಿ.
ಭಾಷಾ ಮಾದರಿ ನೇರವಾಗಿ ಯಾವ ಸ್ವಿಚ್ಚನ್ನೂ ಒತ್ತುವುದಿಲ್ಲ. ನಡುವೆ ಒಂದು ಹಬ್ ಇರುತ್ತದೆ. ಪೌಲಸ್ ಸ್ಕೌಟ್ಸೆನ್ 2013ರಲ್ಲಿ ಶುರು ಮಾಡಿದ, ಉಚಿತವಾಗಿ ಸಿಗುವ ಹೋಮ್ ಅಸಿಸ್ಟೆಂಟ್ ಇವುಗಳಲ್ಲಿ ಹೆಚ್ಚು ಪಳಗಿದ್ದು. ರಾಸ್ಪ್‌ಬೆರಿ ಪೈ ಅಥವಾ ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರ್ ಸಾಕು. ಹಬ್ ಮಾದರಿಗೆ ಉಪಕರಣಗಳ ಪಟ್ಟಿ ಕೊಡುತ್ತದೆ, ಏನೇನು ಮಾಡಬಹುದು ಎಂದು ತಿಳಿಸುತ್ತದೆ. ನೀವು ಹೇಳಿದ ಮಾತನ್ನು ಮಾದರಿ ಆ ಪಟ್ಟಿಗೆ ಹೊಂದಿಸಿ ‘ಇಂಥ ಉಪಕರಣ, ಇಂಥ ಕ್ರಿಯೆ’ ಎಂದು ಬರೆದುಕೊಡುತ್ತದೆ. ಒತ್ತುವುದು ಹಬ್. ಮಾದರಿಗೂ ಉಪಕರಣಕ್ಕೂ ನಡುವಿನ ಈ ಮಾತುಕತೆಗೆ ಒಂದು ಸಮಾನ ರೀತಿ ಇರಲೆಂದು ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಎಂಸಿಪಿ ಎಂಬ ಒಪ್ಪಂದವನ್ನು ಹೊರತಂದಿತು. ಹೋಮ್ ಅಸಿಸ್ಟೆಂಟ್‌ಗೂ ಅದು ಬಂದಿದೆ. ನಿಮಗೆ ಬೇಕಾದ್ದು ಇಷ್ಟೇ: ಕಡಿವಾಣ ಹಾಕುವ ಜಾಗ ಹಬ್.

3. ಮಾದರಿ ಇಲ್ಲದೆಯೂ ಮನೆ ನಡೆಯಬೇಕು.
ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಹೊಸನಗರದ ಹುಲಿಕಲ್ ಅದಕ್ಕೆ ಪೈಪೋಟಿ ಕೊಡುತ್ತದೆ. ರಾಜ್ಯಕ್ಕೆ ಬೆಳಕು ಕೊಡುವ ಲಿಂಗನಮಕ್ಕಿ, ಮಾಣಿ ಅಣೆಕಟ್ಟುಗಳು ಈ ತಾಲ್ಲೂಕುಗಳಲ್ಲೇ ಇವೆ, ನಿಜ. ಆದರೆ ಒಂದು ಮರ ತಂತಿಯ ಮೇಲೆ ಒರಗಿದರೆ ಇಡೀ ಹಳ್ಳಿ ಕತ್ತಲೆ, ಜೊತೆಗೆ ನೆಟ್ಟೂ ಹೋಯಿತು. ಕ್ಲೌಡಿನಲ್ಲಿರುವ ಮಾದರಿ ಆಗ ಇದ್ದೂ ಇಲ್ಲದಂತೆ.

ಆದ್ದರಿಂದ ‘ಟ್ಯಾಂಕ್ ತುಂಬಿದರೆ ಮೋಟರ್ ನಿಲ್ಲಿಸು’, ‘ವೋಲ್ಟೇಜ್ ಕುಸಿದರೆ ಶುರು ಮಾಡಬೇಡ’ ಎಂಬಂಥವನ್ನು ಮಾದರಿಯ ವಿವೇಚನೆಗೆ ಬಿಡದೆ ಹಬ್‌ನಲ್ಲೇ ಸರಳ ನಿಯಮಗಳಾಗಿ ಬರೆಯಿರಿ. ಹೋಮ್ ಅಸಿಸ್ಟೆಂಟ್‌ನಲ್ಲಿ ‘ಆಜ್ಞೆಯನ್ನು ಮೊದಲು ಮನೆಯೊಳಗೇ ನಿಭಾಯಿಸು’ ಎಂಬ ಆಯ್ಕೆಯಿದೆ, ಅದನ್ನು ಒತ್ತಿ. ಹಬ್‌ಗೂ ರೂಟರ್‌ಗೂ ಒಂದು ಪುಟ್ಟ ಡಿಸಿ ಯುಪಿಎಸ್ ಇರಲಿ. ಮನೆಯ ದೊಡ್ಡ ಇನ್ವರ್ಟರನ್ನು ಅವಕ್ಕಾಗಿ ಸವೆಸಬೇಡಿ.

4. ಮೋಟರಿಗೆ ಸ್ಮಾರ್ಟ್ ಪ್ಲಗ್ ಹಾಕಲೇಬೇಡಿ.
ಎಲ್ಲಕ್ಕಿಂತ ಹೆಚ್ಚು ಹಣ, ಕೆಲವೊಮ್ಮೆ ಜೀವ, ಹಾಳಾಗುವುದು ಇಲ್ಲಿ. ಅಂಗಡಿಯ ಸ್ಮಾರ್ಟ್ ಪ್ಲಗ್ ಸಿಂಗಲ್ ಫೇಸಿಗೆ, ಹೆಚ್ಚೆಂದರೆ 16 ಆಂಪಿಯರಿಗೆ ಮಾಡಿದ್ದು. 5 ಎಚ್‌ಪಿಯ ತ್ರೀ ಫೇಸ್ ಮೋಟರ್ ಓಡುವಾಗ ಫೇಸಿಗೆ 7–8 ಆಂಪಿಯರ್ ಎಳೆದರೂ, ಏಳುವ ಗಳಿಗೆಯಲ್ಲಿ ಅದರ ಐದಾರು ಪಟ್ಟು ಕೇಳುತ್ತದೆ. ಆ ಹೊರೆಯನ್ನು ಹೊರಬೇಕಾದ್ದು ಸ್ಟಾರ್ಟರ್‌ನ ಕಾಂಟ್ಯಾಕ್ಟರ್. ನಿಮ್ಮ ಸ್ಮಾರ್ಟ್ ರಿಲೇ ಮಾಡಬೇಕಾದ್ದು ಬೆರಳಿನ ಕೆಲಸ ಮಾತ್ರ: ಹಸಿರು ಗುಂಡಿಯನ್ನು ಕ್ಷಣಕಾಲ ಒತ್ತುವುದು, ಕೆಂಪು ಗುಂಡಿಯ ಜಾಗದಲ್ಲಿ ಕಾಯಿಲ್‌ನ ದಾರಿ ಕಡಿಯುವುದು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್, ಬಾವಿ ಬತ್ತಿದರೆ ನಿಲ್ಲಿಸುವ ಡ್ರೈ ರನ್ ರಕ್ಷಣೆ ಇವೆಲ್ಲ ಕಬ್ಬಿಣದ ಪೆಟ್ಟಿಗೆಯೊಳಗೇ ಇರಲಿ. ಮಾದರಿ ಎಷ್ಟೇ ಸವಿಯಾಗಿ ಕೇಳಿಕೊಂಡರೂ ಅವು ಜಗ್ಗಬಾರದು.

ಇನ್ನೊಂದು ಸೆಟ್ಟಿಂಗ್. ಕರೆಂಟ್ ಹೋಗಿ ಬಂದಾಗ ರಿಲೇ ಯಾವ ಸ್ಥಿತಿಯಲ್ಲಿ ಏಳಬೇಕು ಎಂದು ಕೇಳುತ್ತದೆ. ‘ಆಫ್’ ಎಂದೇ ಹೇಳಿ. ಇಲ್ಲದಿದ್ದರೆ ನಡುರಾತ್ರಿ ಲೈನು ಬಂದ ಕೂಡಲೇ ಗೀಸರ್, ದೀಪ, ಫ್ಯಾನು ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ.

ವೈರಿಂಗ್ ಕೆಲಸ ಊರಿನ ಎಲೆಕ್ಟ್ರಿಷಿಯನ್‌ಗೆ ಬಿಡಿ. ಕೋಡ್ ಬರೆಯಲು ಬಂದ ಮಾತ್ರಕ್ಕೆ 415 ವೋಲ್ಟ್ ನಿಮ್ಮ ಮಾತು ಕೇಳುವುದಿಲ್ಲ.

5. ಅಧಿಕಾರವನ್ನು ನಾಲ್ಕು ಪಾಲು ಮಾಡಿ.
ಕೇಳದೆ ನೋಡಬಹುದಾದ್ದು: ನೀರಿನ ಮಟ್ಟ, ವೋಲ್ಟೇಜ್, ಡ್ರೈಯರ್ ಬಿಸಿ. ಕೇಳದೆ ಮಾಡಬಹುದಾದ್ದು: ದೀಪ, ಫ್ಯಾನ್, ಮತ್ತು ಮೋಟರ್ ನಿಲ್ಲಿಸುವುದು. ಮೊಬೈಲಿನಲ್ಲಿ ‘ಹೌದು’ ಒತ್ತಿದ ಮೇಲಷ್ಟೇ ಮಾಡಬಹುದಾದ್ದು: ಮೋಟರ್ ಶುರು, ಗೀಸರ್. ಎಂದೂ ಮುಟ್ಟಬಾರದ್ದು: ಐಬೆಕ್ಸ್ (ವಿದ್ಯುತ್) ಬೇಲಿ, ಗ್ಯಾಸ್, ಹೆಬ್ಬಾಗಿಲ ಬೀಗ.

ನಿಲ್ಲಿಸಲು ಅನುಮತಿ ಬೇಡ, ಶುರು ಮಾಡಲು ಬೇಕು. ಈ ಒಂದು ತಾರತಮ್ಯವೇ ಅರ್ಧ ಅನಾಹುತ ತಪ್ಪಿಸುತ್ತದೆ. ಬೇಲಿಯನ್ನು ಯಾಕೆ ದೂರ ಇಡಬೇಕು? ಅದರ ಮೇಲೆ ಬಿದ್ದ ಟೊಂಗೆ ತೆಗೆಯಲು ಯಾರೋ ಆಫ್ ಮಾಡಿ ಹೋಗಿರುತ್ತಾರೆ. ಬೆಂಗಳೂರಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ, ಮಾದರಿಗಂತೂ ಮೊದಲೇ ಕಾಣುವುದಿಲ್ಲ. ಬೇಲಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂಬ ಸುದ್ದಿ ಬಂದರೆ ಸಾಕು.

ಈ ಗಡಿಗಳನ್ನು ‘ದಯವಿಟ್ಟು ಬೇಲಿ ಮುಟ್ಟಬೇಡ’ ಎಂದು ಮಾದರಿಗೆ ಬರೆದುಕೊಟ್ಟು ನಂಬಿಕೊಳ್ಳಬೇಡಿ. ಹಬ್‌ನ ಪಟ್ಟಿಯಿಂದಲೇ ತೆಗೆದುಹಾಕಿ. ಕಾಣದ್ದನ್ನು ಅದು ಒತ್ತಲಾರದು. ಮೋಟರನ್ನೂ ನೇರ ಸ್ವಿಚ್ಚಾಗಿ ಕೊಡದೆ, ‘40 ನಿಮಿಷಕ್ಕೆ ತಾನೇ ನಿಲ್ಲುವ’ ಒಂದು ಸ್ಕ್ರಿಪ್ಟ್ ಆಗಿ ಕೊಡಿ.

6. ಪಿಕೊ ಹೈಡ್ರೊ ಇರುವ ಮನೆಯೇ? ಮಾದರಿಯ ಬುದ್ಧಿವಾದ ಕೇಳಬೇಡಿ.
ಹೊಸನಗರ, ತೀರ್ಥಹಳ್ಳಿಯ ಒಳಗಿನ ಎಷ್ಟೋ ಮನೆಗಳು ಮಳೆಗಾಲದಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿ ತಾವೇ ಕರೆಂಟ್ ಮಾಡಿಕೊಳ್ಳುತ್ತವೆ. ಲೋಡ್ ಕಂಟ್ರೋಲರ್ ಇಲ್ಲದ ಇಂಥ ಮನೆಯಲ್ಲಿ ದೀಪಗಳು ಹಗಲೂ ಉರಿಯುತ್ತಿರಬೇಕು. ನೀರು ಒಂದೇ ಸಮ ಬೀಳುತ್ತಿರುವಾಗ ಹೊರೆ ಇಳಿಸಿದರೆ ಟರ್ಬೈನಿನ ವೇಗ, ಅದರೊಟ್ಟಿಗೆ ವೋಲ್ಟೇಜ್ ಏರಿ, ಉಳಿದ ಬಲ್ಬುಗಳು ಸುಟ್ಟುಹೋಗುತ್ತವೆ. ಜಗತ್ತಿನ ಪಠ್ಯವನ್ನೆಲ್ಲ ಓದಿಕೊಂಡ ಮಾದರಿ ‘ಯಾರೂ ಇಲ್ಲದ ಕೋಣೆಯ ದೀಪ ಆರಿಸಿ ವಿದ್ಯುತ್ ಉಳಿಸಲೇ?’ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತದೆ. ಪಿಕೊ ಓಡುವ ತಿಂಗಳುಗಳಲ್ಲಿ ಆರಿಸುವ ಅಧಿಕಾರವನ್ನೇ ಕಿತ್ತುಕೊಳ್ಳಿ. ಕಂಟ್ರೋಲರ್ ಇರುವ ಮನೆಯಲ್ಲಿ ಚಿಂತೆಯಿಲ್ಲ. ಮಿಕ್ಕ ಕರೆಂಟ್ ಬಚ್ಚಲಿನ ನೀರು ಕಾಯಿಸುತ್ತಿರುತ್ತದೆ.

7. ಅಮ್ಮ ಕರೆಯುವ ಹೆಸರನ್ನೇ ಇಡಿ.
‘ರಿಲೇ ಒಂದು, ಚಾನೆಲ್ ಎರಡು’ ಎಂಬ ಹೆಸರಿದ್ದರೆ ಮನುಷ್ಯರಿಗೂ ಗೊಂದಲ, ಮಾದರಿಗೂ ಗೊಂದಲ. ಕೆಳಗಿನ ತೋಟದ ಮೋಟರ್, ಕೊಟ್ಟಿಗೆ ದೀಪ, ಮೆತ್ತಿನ ಫ್ಯಾನ್, ಅಬ್ಬಿ ಟ್ಯಾಂಕ್ ಎಂದೇ ಇರಲಿ. ಒಂದೇ ವಸ್ತುವಿಗೆ ಎರಡು ಮೂರು ಅಡ್ಡಹೆಸರು ಕೊಡಲು ಹೋಮ್ ಅಸಿಸ್ಟೆಂಟ್ ಅವಕಾಶ ಕೊಡುತ್ತದೆ. ಅಪ್ಪ ಹೇಳುವುದು ಒಂದು, ಅಮ್ಮ ಹೇಳುವುದು ಇನ್ನೊಂದಾದರೆ ಎರಡನ್ನೂ ಸೇರಿಸಿ. ‘ವಾಲ್ವ್ ತೆಗಿ’ ಎಂದರೆ ತೆರೆಯಬೇಕು, ‘ಲೈಟ್ ತೆಗಿ’ ಎಂದರೆ ಆರಿಸಬೇಕು ಎಂಬುದನ್ನೂ ಸೂಚನೆಯಲ್ಲಿ ಬರೆದಿಡಿ.

8. ಕನ್ನಡಕ್ಕೆ ಕಿವಿ ಬೇರೆ, ತಲೆ ಬೇರೆ.
ಎಕೋ ಸ್ಪೀಕರಿನ ಅಲೆಕ್ಸಾ ಭಾರತದಲ್ಲಿ ಮಾತಾಡುವುದು ಇಂಗ್ಲಿಷ್, ಹಿಂದಿ. ಬರೆದ ಕನ್ನಡವನ್ನು ದೊಡ್ಡ ಮಾದರಿಗಳು ಚೆನ್ನಾಗಿಯೇ ಗ್ರಹಿಸುತ್ತವೆ, ತೊಡಕಿರುವುದು ಕೇಳಿಸಿಕೊಳ್ಳುವಲ್ಲಿ. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್‌ಗೆ ಕನ್ನಡ ಗೊತ್ತು, ಆದರೆ ರಾಸ್ಪ್‌ಬೆರಿ ಪೈನಲ್ಲಿ ಓಡುವಂಥ ಅದರ ಚಿಕ್ಕ ಆವೃತ್ತಿಗಳು ನಮ್ಮ ಮಾತಿಗೆ ತಡವರಿಸುತ್ತವೆ. ಐಐಟಿ ಮದ್ರಾಸಿನ ಎಐ4ಭಾರತ್ ಭಾರತೀಯ ಭಾಷೆಗಳಿಗೆಂದೇ ಮುಕ್ತವಾಗಿ ಕೊಟ್ಟಿರುವ ಮಾದರಿಗಳನ್ನೂ ಪರೀಕ್ಷಿಸಿ. ಪರೀಕ್ಷೆಗೆ ವಾರ್ತೆ ಓದುವ ಕನ್ನಡ ಬೇಡ; ‘ಮೋಟ್ರು ಬಂದ್ ಮಾಡು ಮಾರಾಯ’ ಎಂದು, ಹೆಂಚಿನ ಮೇಲೆ ಮಳೆ ಬೀಳುವಾಗ ಹೇಳಿ ನೋಡಿ. ಹವ್ಯಕ ಮಾತಾಡುವ ಮನೆಯಲ್ಲಿ ಹವ್ಯಕದಲ್ಲೇ ಹೇಳಿಸಿ.

ಸದ್ಯಕ್ಕೆ ಕೈಕೊಡದ ದಾರಿ ಇದು: ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳುವುದು, ಅಕ್ಷರ ಸರಿಯಾಗಿ ಮೂಡಿದೆಯೇ ನೋಡಿ ಟೆಲಿಗ್ರಾಂ ಮೂಲಕ ಹಬ್‌ಗೆ ಕಳಿಸುವುದು. ಹೇಳಿದ್ದು ಕಣ್ಣಿಗೆ ಕಾಣುತ್ತದೆ, ತಪ್ಪಿದ್ದರೆ ಕಳಿಸುವ ಮುನ್ನವೇ ತಿಳಿಯುತ್ತದೆ.

9. ಮನೆಯೊಳಗಿನ ಮಾದರಿಯೋ, ಕ್ಲೌಡೋ?
800 ಕೋಟಿ ಪ್ಯಾರಾಮೀಟರಿನ ಮಾದರಿಯನ್ನು 4 ಬಿಟ್‌ಗೆ ಕುಗ್ಗಿಸಿದರೂ ಸುಮಾರು 5 ಜಿಬಿ ಮೆಮೊರಿ ಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಉತ್ತರ ಬರುವಷ್ಟರಲ್ಲಿ ಅಪ್ಪ ತೋಟಕ್ಕೆ ಹೋಗಿ ಬಂದಿರುತ್ತಾರೆ. ಬೆಂಗಳೂರಿನ ಸರ್ವಂ 2024ರಲ್ಲಿ ಬಿಟ್ಟ 200 ಕೋಟಿ ಪ್ಯಾರಾಮೀಟರಿನ ಸರ್ವಂ-1ರಂಥ ಚಿಕ್ಕ ಮಾದರಿಗೆ ಕನ್ನಡ ಬರುತ್ತದೆ. ಆದರೆ ಉಪಕರಣವನ್ನು ತಪ್ಪಿಲ್ಲದೆ ಕರೆಯುವುದು ಬೇರೆಯೇ ವಿದ್ಯೆ. ನನ್ನ ಸಲಹೆ: ನಿಯಮಗಳು ಮನೆಯೊಳಗೆ, ಹರಟೆ ಕ್ಲೌಡಿನಲ್ಲಿ. ಕ್ಲೌಡಿಗೆ ಪ್ರತಿ ಸಲವೂ ಉಪಕರಣಗಳ ಇಡೀ ಪಟ್ಟಿ ಹೋಗುತ್ತದೆ, ಅದಕ್ಕೂ ದುಡ್ಡು ಬೀಳುತ್ತದೆ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕಾಗುವುದರಿಂದ ಬಹಳಷ್ಟು ಮಾದರಿಗಳಲ್ಲಿ ಕನ್ನಡಕ್ಕೆ ಟೋಕನ್, ಅಂದರೆ ಬಿಲ್ಲಿಗೆ ಎಣಿಸುವ ತುಣುಕು, ಹೆಚ್ಚು. ಪಟ್ಟಿ ಚಿಕ್ಕದಾದಷ್ಟೂ ಬಿಲ್ಲೂ ಕಮ್ಮಿ, ತಪ್ಪೂ ಕಮ್ಮಿ.

10. ವೈಫೈ ತೋಟಕ್ಕೆ ಇಳಿಯುವುದಿಲ್ಲ.
ಜಂಬಿಟ್ಟಿಗೆಯ ಗೋಡೆ, ಆಮೇಲೆ ತೊಯ್ದ ಅಡಿಕೆ ಮರಗಳ ಸಾಲು. ಅಲ್ಲಿಗೆ ಲೋರಾ ಎಂಬ ದೂರ ತಲುಪುವ ರೇಡಿಯೊ ಬಳಸಿ. ಭಾರತದಲ್ಲಿ 865–867 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ.

11. ಗುಡುಗಿದರೆ ಪ್ಲಗ್ ಕೀಳುವ ಅಭ್ಯಾಸ ಮುಂದುವರಿಯಲಿ.
ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಸರ್ಜ್ ಪ್ರೊಟೆಕ್ಟರ್ ಹಾಕಿ, ಅರ್ಥಿಂಗ್ ಪರೀಕ್ಷಿಸಿ. ಹಬ್‌ನ ಪ್ಲಗ್ಗನ್ನು ಯಾರು ಬೇಕಾದರೂ ಕೀಳುವ ಜಾಗದಲ್ಲಿಡಿ. ವಾರಕ್ಕೊಮ್ಮೆ ಬ್ಯಾಕಪ್ ತಾನಾಗಿ ಹೊರಗೆ ಹೋಗಲಿ.

12. ಮಳೆಯ ಮಾತನ್ನು ಮಾದರಿಯ ಬಾಯಿಗೆ ಬಿಡಬೇಡಿ.
ಕೊಳೆರೋಗಕ್ಕೆ ಬೋರ್ಡೊ ಹೊಡೆಯಲು ಹೊಳವು ಸಿಗುವುದೇ ಎಂದು ಕೇಳಿದರೆ ಅದು ಆತ್ಮವಿಶ್ವಾಸದಿಂದ ಏನಾದರೂ ಹೇಳುತ್ತದೆ. ನಿಮ್ಮ ಅಂಗಳದ ಮಳೆಮಾಪಕದ ಅಂಕಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮುನ್ಸೂಚನೆ ಇವನ್ನು ಕೊಟ್ಟು, ಅದನ್ನಷ್ಟೇ ಓದಿ ಹೇಳುವಂತೆ ಮಾಡಿ. ಅಂಕಿ ಇಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಲು ಕಲಿಸಿ.

13. ಹೊರಗಿನವರ ಪತ್ರ ಓದುವ ಮಾದರಿಗೆ ಮನೆಯ ಸ್ವಿಚ್ಚು ಕೊಡಬೇಡಿ.
2025ರ ಆಗಸ್ಟ್‌ನಲ್ಲಿ ಇಸ್ರೇಲಿನ ಸಂಶೋಧಕರು ತಮ್ಮ ಪ್ರಯೋಗವೊಂದನ್ನು ಬಹಿರಂಗಪಡಿಸಿದರು: ಕ್ಯಾಲೆಂಡರ್ ಆಹ್ವಾನವೊಂದರಲ್ಲಿ ಗುಟ್ಟಾಗಿ ಆಜ್ಞೆ ಬರೆದು ಕಳಿಸಿದ್ದರು. ಮನೆಯವರು ಜೆಮಿನಿಯನ್ನು ‘ಇವತ್ತಿನ ಕಾರ್ಯಕ್ರಮ ಏನು?’ ಎಂದು ಕೇಳಿ, ಕೊನೆಗೊಂದು ‘ಥ್ಯಾಂಕ್ಸ್’ ಹೇಳಿದ್ದೇ ತಡ, ದೀಪ ಆರಿತು, ಕಿಟಕಿ ತೆರೆಯಿತು, ಬಾಯ್ಲರ್ ಹೊತ್ತಿತು. ಸಂಶೋಧಕರು ಮೊದಲೇ ತಿಳಿಸಿದ್ದರಿಂದ ಗೂಗಲ್ ರಕ್ಷಣೆ ಬಿಗಿ ಮಾಡಿತು. ಪಾಠ ಎಲ್ಲ ಮಾದರಿಗೂ ಒಂದೇ. ಯಾರು ಬರೆದದ್ದು ಸೂಚನೆ, ಯಾರು ಬರೆದದ್ದು ಬರೀ ಸುದ್ದಿ ಎಂದು ಅವಕ್ಕೆ ಖಚಿತವಾಗಿ ಗೊತ್ತಾಗುವುದಿಲ್ಲ. ಇಮೇಲ್, ವಾಟ್ಸ್‌ಆ್ಯಪ್ ಓದುವ ಸಹಾಯಕ ಒಂದಿರಲಿ, ಮೋಟರ್ ನೋಡಿಕೊಳ್ಳುವುದು ಇನ್ನೊಂದಿರಲಿ. ಹೊರಗಿನಿಂದ ಹಬ್ ತಲುಪಲು ರೂಟರಿನಲ್ಲಿ ಪೋರ್ಟ್ ತೆರೆದಿಡದೆ ವೈರ್‌ಗಾರ್ಡ್, ಟೇಲ್‌ಸ್ಕೇಲ್‌ನಂಥ ವಿಪಿಎನ್ ಬಳಸಿ.

14. ಹೊರಡುವ ಮುನ್ನ ರೂಟರ್ ಆರಿಸಿ.
ಒಂದು ದಿನ ಅಪ್ಪ, ಅಮ್ಮ ಹಾಗೆಯೇ ಮನೆ ನಡೆಸಲಿ. ನೀವು ಸುಮ್ಮನೆ ಕೂತು ನೋಡಿ. ಎಲ್ಲಿ ಅವರು ನಿಮ್ಮನ್ನು ಕರೆದರೋ ಅಲ್ಲಿ ಮಾಮೂಲಿ ಸ್ವಿಚ್ಚು ಇಲ್ಲ ಎಂದು ಅರ್ಥ. ಅಲ್ಲೊಂದು ಹಾಕಿಸಿ. ಪಂಪ್‌ಹೌಸಿನಲ್ಲಿ ‘ಆಟೊ–ಕೈ’ ಬದಲಿಸುವ ಸ್ವಿಚ್ಚಿರಲಿ, ರಿಲೇಯನ್ನು ಬಿಟ್ಟು ನೇರವಾಗಿ ಮೋಟರ್ ಓಡಿಸುವ ದಾರಿಯನ್ನು ಪೆಟ್ಟಿಗೆಯ ಬಾಗಿಲ ಒಳಮೈಗೆ ಬರೆದು ಅಂಟಿಸಿ. ಕನ್ನಡದಲ್ಲಿ ಬರೆಯಿರಿ, ಜುಲೈಯಲ್ಲಿ ಟಾರ್ಚ್ ಹಿಡಿದು ಅದನ್ನು ಓದುವವರು ನೀವಲ್ಲ, ಎಲೆಕ್ಟ್ರಿಷಿಯನ್.